ಹಿಲ್‌ಮನ್ ಮಾರಿದೆ, ಹಗ್ಗ ಇಟ್ಟುಕೊಂಡೆ

ಈ ಕಾರಿಗೆ ನಾನು ಕೊಟ್ಟದ್ದು ಒಂದು ಸೀಮೆ ಹಸು, ಅದರ ಹೆಣ್ಣುಗರು, ಮೇಲೆ ಎಂಟು ಸಾವಿರ ರೂಪಾಯಿ. ಆ ಎಂಟನ್ನು ಆರಕ್ಕೆ ಇಳಿಸಬಹುದಿತ್ತು. ಇಳಿಸಲಿಲ್ಲ, ಯಾಕೆಂದರೆ ಮಾರುತ್ತಿದ್ದವರು ನನ್ನ ಎರಡೂ ಹೆರಿಗೆ ಮಾಡಿಸಿದ ಕನಕಪುರದ ಡಾಕ್ಟರಮ್ಮ. ಹೆರಿಗೆ ಮಾಡಿಸಿದವರ ಹತ್ತಿರ ಚೌಕಾಸಿಗೆ ಇಳಿಯಬಾರದು. ನಾವು ಹೇಗೆ ಕಿರುಚುತ್ತೇವೆ ಎಂದು ಅವರಿಗೆ ಗೊತ್ತಿರುತ್ತದೆ. ಅಂಥವರ ಮುಂದೆ ಮುಖ ಬಿಗಿಹಿಡಿದು ಬೆಲೆ ಹೇಳಲು ಆಗುವುದಿಲ್ಲ.

ಇಷ್ಟೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ ಕೊಟ್ಟಿಗೆ ಗುಡಿಸುವಾಗ. ಗೂಟಕ್ಕೆ ನೇತುಹಾಕಿದ್ದ ಕಬ್ಬಿಣದ ಹ್ಯಾಂಡಲ್ ತಲೆಗೆ ಟಣ್ ಎಂದು ತಾಗಿತು. ಹಳೆಯ ಕಾರುಗಳ ಮೂತಿಯ ಕೆಳಗೊಂದು ತೂತು ಇರುತ್ತದಲ್ಲ, ಅದಕ್ಕೆ ತೂರಿಸಿ ರಾಗಿ ಕಲ್ಲು ತಿರುವಿದ ಹಾಗೆ ತಿರುವಿ ಎಂಜಿನ್ ಎಬ್ಬಿಸುವ ಹ್ಯಾಂಡಲ್ ಅದು. ಕಾರು ಈಗ ನನ್ನದಲ್ಲ, ಹ್ಯಾಂಡಲ್ ನನ್ನದು. ಇದು ಹೇಗೆ ಎಂದು ಕೇಳುತ್ತೀರಿ. ಹೇಳುತ್ತೇನೆ, ಒಸಿ ಸುತ್ತು ಬಳಸಿ ಹೇಳುತ್ತೇನೆ. ನೇರ ದಾರಿ ಬೇಕಾದವರು ಹೈವೇಯಲ್ಲಿ ಹೋಗಲಿ.

ಆಗ ನಾನು ಕೈಲಾಂಚದ ಹತ್ತಿರದ ನಮ್ಮ ಊರಿನಿಂದ ಕನಕಪುರದ ನಾಲ್ಕಾರು ಮನೆಗೆ ಬೆಳಗಿನ ಬಸ್ಸಿನಲ್ಲಿ ತಿಂಗಳ ಲೆಕ್ಕದ ವರ್ತನೆ ಹಾಲು ಕೊಂಡೊಯ್ದು ಹಾಕುತ್ತಿದ್ದೆ. ಡಾಕ್ಟರಮ್ಮನ ಮನೆಯಲ್ಲಿ ಹಾಲಿಗೆ ಅದ್ದಿ ನೋಡುವ ಗಾಜಿನ ಕಡ್ಡಿಯೊಂದಿತ್ತು. ನಾನು ನೀರು ಬೆರೆಸುತ್ತಿದ್ದೆ ಎಂದು ಯಾರೂ ಹೇಳಬಾರದು; ನಮ್ಮ ಹಸು ನೀರು ಜಾಸ್ತಿ ಕುಡಿಯುತ್ತಿತ್ತು, ಅಷ್ಟೆ. ಒಂದು ದಿನ ಆ ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು.

“ನಿನ್ನ ಹಾಲಿನ ಸಹವಾಸ ಸಾಕು ಕಣೆ. ಹಸೂನೇ ಕೊಟ್ಟುಬಿಡು. ಬದಲಿಗೆ ಆ ಕಾರು ತಗೊಂಡು ಹೋಗು. ನನಗೂ ವಯಸ್ಸಾಯ್ತು, ಅದರೊಳಗೆ ಈಗ ಕೋಳಿ ಸಂಸಾರ ಮಾಡ್ತಿದೆ.”

ತಮಾಷೆಗೆ ಅಂದದ್ದು. ನಾನು ತಮಾಷೆಯನ್ನು ಅಲ್ಲೇ ಬಿಡುವವಳಲ್ಲ. ಹಿತ್ತಲಿಗೆ ಹೋಗಿ ನೋಡಿದೆ. ಶೆಡ್ಡಿನ ಮಬ್ಬಿನಲ್ಲಿ, ಒಣಹುಲ್ಲು ಮತ್ತು ಹಳೆ ಚರ್ಮದ ವಾಸನೆಯ ನಡುವೆ, ಮೈತುಂಬ ಧೂಳು ಹೊದ್ದು ಅದು ಮಲಗಿತ್ತು. ಹಿಂದಿನ ಸೀಟಿನಲ್ಲಿ ಒಂದು ಹ್ಯಾಟೆ ಕಾವಿಗೆ ಕೂತು ನನ್ನನ್ನೇ ದಿಟ್ಟಿಸುತ್ತಿತ್ತು. ನನಗೆ ಕಾರಿನ ಬಗ್ಗೆ ಏನೂ ತಿಳಿಯದು. ಕೈಯಲ್ಲಿ ಡಿಕ್ಕಿಯನ್ನು ಮೊಳ ಹಾಕಿ ಅಳೆದೆ. ಹಾಲಿನ ಕ್ಯಾನು ಎರಡು ಡಿಕ್ಕಿಯಲ್ಲಿ, ಮೂರು ಹಿಂದಿನ ಸೀಟಿನಲ್ಲಿ. ಊರಿನವರ ಹಾಲನ್ನೂ ಕೂಡಿಸಿ ಇಷ್ಟನ್ನು ರಾಮನಗರದ ಹೋಟೆಲುಗಳಿಗೆ ನಾನೇ ಹೊತ್ತೊಯ್ಯಬಹುದು, ಬಸ್ಸಿಗೆ ಕಾಯಬೇಕಿಲ್ಲ, ಕಂಡಕ್ಟರನಿಗೆ ಹಲ್ಲು ಗಿಂಜಬೇಕಿಲ್ಲ. ಕಾರು ಕೊಂಡದ್ದು ಇದಕ್ಕೆ. ಶೋಕಿಗಲ್ಲ.

ಓಡಿಸುವುದನ್ನು ಡಾಕ್ಟರಮ್ಮನ ಹತ್ತಿರವೇ ಕಲಿತೆ. ಊರಿಗೆ ಅದು ಬಂದಾಗ ನಕ್ಕವರೇ ಎಲ್ಲ. ಹೆಸರು ಹಿಲ್‌ಮನ್ ಎಂದರೆ ಅದ್ಯಾವ ಔಷಧಿ ಎಂದು ಕೇಳಿದರು. ಇಂಗ್ಲೆಂಡಿನದು ಎಂದೆ. ಸೀಮೆ ಹಸು ಕೊಟ್ಟು ಸೀಮೆ ಕಾರು ತಂದಳು, ಹಸುವಾದರೆ ಸಗಣಿಯಾದರೂ ಹಾಕುತ್ತಿತ್ತು ಎಂದರು. ಅಂಬಾಸಿಡರ್ ಆಗಿದ್ದರೆ ಅಮಲ್ದಾರರ ಕಾರು ಎಂದು ಎದ್ದು ನಿಲ್ಲುತ್ತಿದ್ದರು. ಫಿಯಟ್ ಆಗಿದ್ದರೆ ಮದುವೆಗೆ ಕೇಳುತ್ತಿದ್ದರು. ಇವತ್ತಿಗೂ ಹಳೇ ಕಾರಿನ ಹುಚ್ಚಿನವರು ಮಾರಿಸ್ ಮೈನರ್ ಕಂಡರೆ ಮಗು ಕಂಡ ಹಾಗೆ ಕೆನ್ನೆ ಹಿಂಡುತ್ತಾರೆ, ನಮ್ಮದರ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡಿ ಹೋಗುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಒಬ್ಬರು ಇದು ಅಂಬಾಸಿಡರ್ ಮರಿಯೇ ಎಂದು ಕೇಳಿದ್ದರು. ಹೌದು, ಮೇವು ಸಾಲದೆ ಸಣ್ಣಗಾಗಿದೆ ಎಂದೆ.

ಆದರೆ ಅದರ ಸುಖ ಒಳಗೆ ಕೂತವರಿಗೆ ಗೊತ್ತು. ಮುಂದಿನ ಸೀಟು ಒಂದೇ ಉದ್ದದ ಸೋಫಾ. ಗೇರು ಸ್ಟೇರಿಂಗಿನ ಪಕ್ಕದಲ್ಲಿ, ವೀಣೆಯ ಬಿರಡೆಯ ಹಾಗೆ. ನೆಲದಲ್ಲಿ ಕೋಲು ಅಡ್ಡ ಇಲ್ಲದ್ದರಿಂದ ಮೂವರು ಹೆಂಗಸರು ಮಡಿಲಲ್ಲಿ ಮಗು ಇಟ್ಟುಕೊಂಡು ಕೂರಬಹುದು. ಬಣ್ಣ ಹಸಿರೂ ಅಲ್ಲ ಬೂದಿಯೂ ಅಲ್ಲ, ಕೊಯ್ದು ಅರ್ಧ ದಿನವಾದ ಹಿಪ್ಪುನೇರಳೆ ಸೊಪ್ಪಿನದು. ಎಲ್ಲಕ್ಕಿಂತ ಮುಖ್ಯ, ಅದರ ಕೈ. ಈಗಿನ ಕಾರುಗಳ ಹಾಗೆ ಕಣ್ಣು ಮಿಟುಕಿಸಿ ತಿರುಗುವ ಕಾರಲ್ಲ ಅದು. ಎರಡು ಬಾಗಿಲುಗಳ ನಡುವಿನ ಕಂಬದಿಂದ ಗೇಣುದ್ದದ ಒಂದು ತೋಳು ಟಕ್ ಎಂದು ಹೊರಗೆ ಬರುತ್ತಿತ್ತು, ಒಳಗೆ ಪುಟ್ಟ ಕಿತ್ತಳೆ ದೀಪ. ನಾನು ಎಡಕ್ಕೆ ಹೋಗುತ್ತೇನೆ ಕಣ್ರಪ್ಪ ಎಂದು ಕೈ ಚಾಚಿ ಹೇಳಿ, ತಿರುಗಿದ ಮೇಲೆ ತೋಳನ್ನು ಮೈಯೊಳಗೆ ಮಡಚಿಕೊಳ್ಳುತ್ತಿತ್ತು. ನಮ್ಮ ಮನೆಯವರು ಎತ್ತಿನ ಗಾಡಿ ಬಿಟ್ಟು ಬೇರೇನನ್ನೂ ಹೊಡೆದವರಲ್ಲ. ಒಮ್ಮೆ ಪಕ್ಕದಲ್ಲಿ ಕೂತಿದ್ದವರು ಆ ಕೈ ಎದ್ದಾಗ ಯಾರಿಗೆ ನಮಸ್ಕಾರ ಮಾಡ್ತು ಎಂದು ಕೇಳಿದ್ದರು.

ಮಂಜು ಬಿದ್ದ ಬೆಳಿಗ್ಗೆಗಳು ಈಗಲೂ ಕಣ್ಣ ಮುಂದಿವೆ. ಕೈಲಾಂಚ ಬಿಟ್ಟು ರಾಮನಗರದ ಕಡೆ ಹೊರಟರೆ ಗುಡ್ಡಗಳು ಒಂದೊಂದಾಗಿ ಮಂಜಿನಿಂದ ಮೂಡುತ್ತವೆ. ಬುಡ ಕಾಣದು, ಬಂಡೆಯ ನೆತ್ತಿ ಮಾತ್ರ, ಹಾಲಿನಲ್ಲಿ ಬಿಟ್ಟ ಮುದ್ದೆಯ ಹಾಗೆ. ಹಿಂದೆ ಕ್ಯಾನುಗಳು ಒಂದಕ್ಕೊಂದು ತಾಗಿ ಸಣ್ಣಗೆ ಶಬ್ದ ಮಾಡುತ್ತವೆ. ಎಂಜಿನ್ನಿನ ಸದ್ದು ಸದ್ದೇ ಅಲ್ಲ, ತುಂಬಿದ ಹೊಟ್ಟೆಯ ದನ ಮೆಲುಕು ಹಾಕುವ ಗುನುಗು. ಹಿಪ್ಪುನೇರಳೆ ತೋಟಗಳಲ್ಲಿ ಸೊಪ್ಪು ಕೊಯ್ಯುವವರ ಬೆನ್ನು ಮಾತ್ರ ಕಾಣುತ್ತದೆ. ನಾನು ಏನನ್ನೋ ಯೋಚಿಸುತ್ತ, ಏನನ್ನೂ ಯೋಚಿಸದೆ, ಲೆಕ್ಕ ಹಾಕುವುದನ್ನೂ ಮರೆತು, ತೇಲಿಕೊಂಡು ಹೋಗುತ್ತಿದ್ದೆ. ದಿನದಲ್ಲಿ ಅಷ್ಟು ಹೊತ್ತು ಮಾತ್ರ ನಾನು ಯಾರ ಜೊತೆಯೂ ವ್ಯಾಪಾರ ಮಾಡುತ್ತಿರಲಿಲ್ಲ.

ಬೇಸಿಗೆಯಲ್ಲಿ ಮಾತ್ರ ತೇಲುವಿಕೆಗೆ ತಡೆ. ರಾಗಿ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಲು ಮಾಗಡಿ ಕಡೆಯ ಕುರಿಯವರು ಬರುತ್ತಿದ್ದರು. ಬೆಳಿಗ್ಗೆಯೇ ರಸ್ತೆಯ ತುಂಬ ಕುರಿ. ನಮ್ಮ ಹಿಲ್‌ಮನ್ನಿಗೆ ಹಾರನ್ ಕೆಟ್ಟಿತ್ತು. ರಿಪೇರಿ ಮಾಡಿಸಲಿಲ್ಲ, ಕತ್ತು ಹೊರಗೆ ಹಾಕಿ ಕೂಗುವುದು ಪುಕ್ಕಟೆ. ಹಾಗೆ ಕೂಗಿ ಕೂಗಿ ಸಾಕಾಗಿ, ಕೊನೆಗೆ ಎಂಜಿನ್ ಆರಿಸಿ ಸುಮ್ಮನೆ ಕೂರುತ್ತಿದ್ದೆ. ಕುರಿಗಳು ಕಾರಿನ ಎರಡೂ ಬದಿಗೆ ಮೈ ಉಜ್ಜಿಕೊಂಡು ಹರಿದು ಹೋಗುತ್ತಿದ್ದವು. ಕಾರು ಸಣ್ಣಗೆ ತೂಗುತ್ತಿತ್ತು, ಕೆರೆಯ ಮೇಲಿನ ತೆಪ್ಪದ ಹಾಗೆ.

ವ್ಯಾಪಾರ ಎಂದೆನಲ್ಲ, ಅದು ನನಗೆ ಅಪ್ಪನಿಂದ ಬಂದದ್ದು. ಅಪ್ಪ ದನದ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಿಡಿದುಕೊಳ್ಳುತ್ತಾರೆ. ಹಿಡಿದ ಬೆರಳೇ ಲೆಕ್ಕ. ಮೇಲೆ ಮುಖಗಳು ಮಳೆಯ ಬಗ್ಗೆ ಮಾತಾಡುತ್ತಿರುತ್ತವೆ, ಕೆಳಗೆ ಬೆರಳುಗಳು ಜಗಳವಾಡುತ್ತಿರುತ್ತವೆ. ಹೆಣ್ಣುಮಕ್ಕಳಿಗೆ ಇದನ್ನು ಕಲಿಸುವುದಿಲ್ಲ. ಅಪ್ಪ ನನಗೆ ರಾತ್ರಿಯೂಟಕ್ಕೆ ಮುಂಚೆ ತನ್ನ ಟವೆಲ್ಲಿನ ಕೆಳಗೆ, ಇಲ್ಲದ ಹಸುಗಳನ್ನು ಮಾರಿ ಮಾರಿ ಕಲಿಸಿದ. ಅವನ ಬೆರಳು ಒರಟಾಗಿ ಬೆಚ್ಚಗಿತ್ತು. ಅವನ ಎರಡು ಮಾತು ನನಗೆ ಬಂಡವಾಳ. ಒಂದು, ಕುಂದು ಹುಡುಕಿ ಹೆಸರಿಡುವವನೇ ಕೊಳ್ಳುವವನು. ಹೊಗಳುವವನು ಸುಮ್ಮನೆ ಬಿಸಿಲು ಕಾಯಿಸಲು ನಿಂತವನು. ಇನ್ನೊಂದು, ದನ ಮಾರಿದರೂ ಹಗ್ಗ ಮಾರಬೇಡ. ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಹಳೆಯದನ್ನು ಮಾರಿದವರು ಕೊಟ್ಟಿಗೆಯ ಗೂಟಕ್ಕೆ ಹಾಕಬೇಕು, ಇಲ್ಲದಿದ್ದರೆ ಹಸುವಿನ ಹಿಂದೆ ಕೊಟ್ಟಿಗೆಯ ಏಳಿಗೆಯೂ ಹೊರಟುಹೋಗುತ್ತದೆ. ನಮ್ಮ ಕೊಟ್ಟಿಗೆಯ ಗೋಡೆಯಲ್ಲಿ ಸಾಲಾಗಿ ಹಗ್ಗಗಳಿವೆ. ಯಾವುದು ಯಾರದೆಂದು ಕೇಳಿ, ಹೇಳುತ್ತೇನೆ. ಡಾಕ್ಟರಮ್ಮನಿಗೆ ಕೊಟ್ಟ ಹಸುವಿನದು ನೀಲಿ ನೈಲಾನಿನದು.

ಕಳೆದ ವರ್ಷ ನನ್ನ ಎಡಗಾಲಿನ ಮಂಡಿ ಕೈಕೊಟ್ಟಿತು. ಕ್ಲಚ್ಚು ತುಳಿದರೆ ಕಣ್ಣಲ್ಲಿ ನೀರು. ಹಾಲನ್ನು ಈಗ ಡೈರಿಯವರೇ ಊರಿಗೆ ಬಂದು ಒಯ್ಯುತ್ತಾರೆ. ಕಾರು ಚಪ್ಪರದ ಕೆಳಗೆ ನಿಂತಿತು. ಒಂದು ತಿಂಗಳು ನಿಂತಿದ್ದನ್ನು ನೋಡಿದೆ, ಎರಡು ತಿಂಗಳು ನೋಡಿದೆ. ಒಂದು ದಿನ ಹಿಂದಿನ ಸೀಟಿನಲ್ಲಿ ಕೋಳಿ ಕೂತಿತ್ತು. ಅದು ಬಂದ ಜಾಗಕ್ಕೇ ವಾಪಸು ಹೋಗುತ್ತಿದೆ. ಕಟ್ಟಿಹಾಕಿದ ಹೋರಿ, ನಿಲ್ಲಿಸಿದ ಕಾರು, ಎರಡೂ ಒಳಗಿನಿಂದ ಕೊಳೆಯುತ್ತವೆ. ಅವತ್ತೇ ತೀರ್ಮಾನಿಸಿದೆ. ಓಡಿಸುವವರಿಗೆ ಮಾರಬೇಕು, ಓಡಿಸದವರಿಗೆ ಎಷ್ಟು ಕೊಟ್ಟರೂ ಇಲ್ಲ.

ಮೊದಲು ಬಂದವರು ಬಂಡೆಗಳ ನಡುವೆ ರೆಸಾರ್ಟ್ ಕಟ್ಟುತ್ತಿದ್ದ ಒಬ್ಬರು. ಬಿಳಿ ಶೂ. ಬಾನೆಟ್ ಎತ್ತಲಿಲ್ಲ, ಬಾಗಿಲು ತೆಗೆಯಲಿಲ್ಲ, ಒಂದು ಸುತ್ತು ಬಂದು ಸೂಪರ್ ಮೇಡಂ ಎಂದರು. ನಾನು ಬೆಲೆ ಹೇಳಿದೆ, ಇಳಿಸಲಿ ಎಂದು ಮೇಲಿಂದಲೇ ಹೇಳಿದ್ದೆ. ಅವರು ಇಳಿಸಲೇ ಇಲ್ಲ, ಫೋನ್ ತೆಗೆದು ಈಗಲೇ ಕಳಿಸಲೇ ಎಂದರು. ಹೇಳಿದ ಬೆಲೆಗೇ ಒಪ್ಪಿಬಿಟ್ಟರೆ ಮಾರುವವರಿಗೆ ಎಷ್ಟು ಅವಮಾನ ಎಂದು ನಿಮಗೆ ಗೊತ್ತೇ? ವಸ್ತುವಿನ ಮೇಲೆ ಪ್ರೀತಿ ಇದ್ದವನು ಜಗಳವಾಡುತ್ತಾನೆ. ಕಾರನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಎಂಜಿನ್ ತೆಗೆದು ಒಳಗೆ ಮಣ್ಣು ತುಂಬಿ ಹೂವಿನ ಗಿಡ ಹಾಕುತ್ತೇವೆ, ಬಂದವರು ಸೆಲ್ಫಿ ತೆಗೆದುಕೊಳ್ಳುತ್ತಾರೆ ಎಂದರು. ಕಾಫಿ ಕುಡಿಸಿ ಕಳಿಸಿದೆ. ಕಾರು ನಮ್ಮವ್ವನ ಹೆಸರಿನಲ್ಲಿದೆ, ಅವಳು ಒಪ್ಪುವುದಿಲ್ಲ ಎಂದೆ. ಅಪ್ಪ ಸತ್ತ ಮೇಲೆ ನಮ್ಮ ಜೊತೆಗೇ ಇರುವ ಅವ್ವ ಪಡಸಾಲೆಯಲ್ಲಿ ಅಲಸಂದೆಕಾಯಿ ಬಿಡಿಸುತ್ತ ತಲೆಯೆತ್ತಿ, ಅವಳಿಗೇ ಗೊತ್ತಿಲ್ಲದ ಈ ಆಸ್ತಿಯ ಬಗ್ಗೆ ಕೇಳಿಸಿಕೊಂಡಳು.

ಆಮೇಲೆ ಬಂದವನು ತಿಪ್ಪಸಂದ್ರದ ಬೀರೇಶ. ಕುರಿ ಸಾಕುವ ಮನೆತನದವನು, ನಲವತ್ತು ದಾಟಿದವನು, ಹೆಗಲ ಮೇಲೆ ಟವೆಲ್. ಬಂದವನೇ ನೆಲಕ್ಕೆ ಬಿದ್ದು ಕಾರಿನ ಕೆಳಗೆ ತೂರಿದ. ಅಲ್ಲಿಂದಲೇ ಮಾತು ಶುರು.

“ಏನಕ್ಕ, ತುಕ್ಕು ಹಿಡಿದು ಜಲ್ಲಡಿ ಆಗೈತಲ್ಲ. ಇದ್ರಲ್ಲಿ ಹಿಟ್ಟು ಜಾಲಿಸ್ಬೋದು.”

“ಜಾಲಿಸ್ಕೋ. ಅದ್ಕೂ ಸೇರ್ಸೇ ಬೆಲೆ ಹೇಳಿರೋದು.”

“ಟೈರು ನಮ್ಮಜ್ಜನ ತಲೆ ಇದ್ದಂಗವೆ.”

“ನಿಮ್ಮಜ್ಜ ಓಡಾಡ್ತಿದ್ನಾ ಇಲ್ವಾ?”

ಕೆಳಗಿನಿಂದ ನಗು ಬಂತು. ನನಗೆ ಆ ಕ್ಷಣವೇ ಗೊತ್ತಾಯಿತು, ಇವನೇ ಎಂದು. ಮೂರು ಸಲ ಬಂದ, ಮೂರೂ ಸಲ ಬಯ್ದ. ಚರ್ಮ ಹರಿದಿದೆ, ಗೇರು ಅಳುತ್ತದೆ, ಪೆಟ್ರೋಲು ಕುಡಿಯುವುದರಲ್ಲಿ ಅವನ ಸೋದರಮಾವನನ್ನು ಮೀರಿಸುತ್ತದೆ. ಬಯ್ಯುತ್ತಲೇ ಅವನ ಕೈ ಬಾಗಿಲ ಮೇಲೆ, ಕುರಿಮರಿಯ ಬೆನ್ನು ಸವರುವ ಹಾಗೆ ಓಡಾಡುತ್ತಿತ್ತು. ಮೂರನೆಯ ಸಲ ನಾನು ಕೇಳಿದೆ, ಇಷ್ಟು ದರಿದ್ರ ಕಾರು ನಿನಗೆ ಯಾಕಪ್ಪ ಎಂದು. ಅವನು ಬಾಗಿಲಿಗೆ ಒರಗಿಕೊಂಡ.

“ಸಣ್ಣೋನಿದ್ದಾಗ ಮಂದೆ ಹೊಡ್ಕಂಡು ನಿಮ್ಮ ಕೈಲಾಂಚದ ಕಡೀಕೆ ಬತ್ತಿದ್ವಿ ಕಣಕ್ಕ. ಲಾರಿಯೋರು, ಬಸ್ನೋರು ಎಲ್ಲಾ ಹಾರನ್ ಹೊಡ್ದು ಕುರಿ ಚೆದುರಿಸ್ಬುಡೋರು. ಒಂದ್ಸಲ ಮರಿ ಚಕ್ರಕ್ಕೆ ಸಿಕ್ಕೋಗಿತ್ತು. ಈ ಕಾರು ಒಂದೇ ಹಾರನ್ ಹೊಡೀತಿರ್ನಿಲ್ಲ. ನೀವು ಬಯ್ತಿದ್ರಿ, ಸರಿಯಾಗೇ ಬಯ್ತಿದ್ರಿ. ಕಾರು ಮಾತ್ರ ನಿಂತ್ಕಂಡಿರೋದು. ಎಲ್ಲಾ ದಾಟುದ್ ಮೇಲೆ ಕೈ ಎತ್ತಿ ಹೋಗೋದು.”

ಹಾರನ್ ಕೆಟ್ಟಿತ್ತು ಎಂದು ನಾನು ಹೇಳಲಿಲ್ಲ. ವ್ಯಾಪಾರ ಇನ್ನೂ ಮುಗಿದಿರಲಿಲ್ಲ.

ಅವನ ಹೆಗಲ ಟವೆಲನ್ನು ನಾನೇ ಎಳೆದುಕೊಂಡೆ. ಅವನು ಬೆಚ್ಚಿಬಿದ್ದ; ಹೆಂಗಸರ ಜೊತೆ ಅವನು ಹೀಗೆ ವ್ಯಾಪಾರ ಮಾಡಿದ್ದಿರಲಾರದು. ಟವೆಲ್ಲಿನ ಕೆಳಗೆ ಕೈ ಹಿಡಿದೆವು. ಮೇಲೆ ಅವನು ರಾಗಿಯ ಬೆಳೆಯ ಬಗ್ಗೆ, ನಾನು ರೇಷ್ಮೆಗೂಡಿನ ದರದ ಬಗ್ಗೆ ಮಾತಾಡುತ್ತಿದ್ದೆವು. ಅವನ ಬೆರಳು ಒರಟಾಗಿ ಬೆಚ್ಚಗಿತ್ತು. ಅವನು ಒಂದು ಬೆರಳು ಬಿಟ್ಟ, ನಾನು ಹಿಡಿದೆ. ನಾನು ಎರಡು ಹಿಡಿದೆ, ಅವನು ಒಂದನ್ನು ಮಡಿಸಿದ. ಅವ್ವ ಅಲಸಂದೆಕಾಯಿ ಬಿಟ್ಟು ನೋಡುತ್ತಿದ್ದಳು, ಸತ್ತ ಗಂಡ ಮನೆಗೆ ಬಂದ ಹಾಗೆ. ಎಷ್ಟಕ್ಕೆ ಮುಗಿಯಿತು ಎಂದು ನಿಮಗೆ ಹೇಳುವುದಿಲ್ಲ. ಕೊಂಡ ಬೆಲೆ ಊರಿಗೆ ಹೇಳಬಹುದು, ಮಾರಿದ ಬೆಲೆ ಟವೆಲ್ಲಿನದು.

ಕಾರು ಒಯ್ಯುವ ದಿನ ಅವ್ವ ನನ್ನನ್ನು ಅಡುಗೆಮನೆಗೆ ಕರೆದಳು.

“ಹಗ್ಗ ಕೊಟ್ಬುಡ್ಬ್ಯಾಡ ಕಣಮ್ಮಿ.”

ಕಾರಿಗೆ ಎಲ್ಲಿಯ ಹಗ್ಗ ಎಂದೆ. ಅವಳು ಯೋಚಿಸಿದಳು. ಬೀಗದ ಕೈ ಕೊಡದೆ ಆಗುವುದಿಲ್ಲ, ಕಾಗದಪತ್ರ ಸರ್ಕಾರದ್ದು. ಹಸುವನ್ನು ಹಿಡಿದು ಎಬ್ಬಿಸುವುದು ಹಗ್ಗ, ಹಾಗಾದರೆ ಕಾರನ್ನು ಹಿಡಿದು ಎಬ್ಬಿಸುವುದು ಯಾವುದೋ ಅದೇ ಹಗ್ಗ ಎಂದಳು. ಎಂಬತ್ತು ದಾಟಿದವಳ ಬಾಯಲ್ಲಿ ನ್ಯಾಯ ಸರಿಯಾಗಿಯೇ ಇತ್ತು. ಡಿಕ್ಕಿಯ ಒಳಗೆ ಎರಡು ಕ್ಲಿಪ್ಪುಗಳ ನಡುವೆ ಇರುತ್ತಿದ್ದ ಹ್ಯಾಂಡಲನ್ನು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡು ಕೊಟ್ಟಿಗೆಗೆ ಒಯ್ದು ನೀಲಿ ಹಗ್ಗದ ಪಕ್ಕ ನೇತುಹಾಕಿದೆ. ಬೀರೇಶ ಡಿಕ್ಕಿ ತೆಗೆದು ನೋಡಿದ, ಮುಚ್ಚಿದ. ನವರಾತ್ರಿ ಕಳೆದಿತ್ತು ಅಷ್ಟೆ, ಹದವಾದ ಬಿಸಿಲು. ಸೆಲ್ಫ್ ಸ್ಟಾರ್ಟರಿನ ಗುಂಡಿ ಒತ್ತಿದ್ದೇ ಕಾರು ಒಂದೇ ಸಲಕ್ಕೆ ಎದ್ದಿತು. ಊರ ತಿರುವಿನಲ್ಲಿ ಕೈ ಎತ್ತಿತು. ಬಲಗೈ. ಆಮೇಲೆ ಮಡಚಿಕೊಂಡಿತು.

ಮಾಗಿಯ ಚಳಿ ಬಂತು. ಒಂದು ಬೆಳಿಗ್ಗೆ ಹಾಲು ಕರೆಯಲು ಕೂತಾಗ ಬೆರಳು ಮರಗಟ್ಟಿ, ಥಟ್ಟನೆ ನೆನಪಾಯಿತು. ಈ ಚಳಿಯಲ್ಲಿ ಹಿಲ್‌ಮನ್ ಸೆಲ್ಫ್ ಒತ್ತಿದರೆ ಏಳುವುದಿಲ್ಲ. ಎರಡು ಸಲ ಗೊರಕೆ ಹೊಡೆದು ಸುಮ್ಮನಾಗುತ್ತದೆ. ಒತ್ತುತ್ತಲೇ ಇದ್ದರೆ ಬ್ಯಾಟರಿಯೂ ಮಲಗುತ್ತದೆ. ಹ್ಯಾಂಡಲ್ ತಿರುವಿದರೆ ಮಾತ್ರ ಏಳುತ್ತದೆ. ಇದನ್ನು ನಾನು ಅವನಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವನು ಹ್ಯಾಂಡಲ್ ಎಲ್ಲಿ ಎನ್ನುತ್ತಿದ್ದ. ಏಳದ ಕಾರನ್ನು ಅವನು ನಾಲ್ಕು ದಿನ ತಳ್ಳಿಸಿಯಾನು, ಐದನೆಯ ದಿನ ನಿಲ್ಲಿಸಿಯಾನು. ನಿಂತ ಮೇಲೆ ಕೋಳಿ ಬಂದೇ ಬರುತ್ತದೆ. ಹೂವಿನ ಕುಂಡ ಆಗಬಾರದೆಂದು ಅಷ್ಟು ಹಟ ಹಿಡಿದವಳು ನಾನೇ ಅದರ ಕಾಲು ಮುರಿದು ಕಳಿಸಿದ್ದೆ.

ಹ್ಯಾಂಡಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡೆ. ಕೊಟ್ಟಿಗೆ ಬರಿದಾಗುತ್ತದೆ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಕೊಟ್ಟಿಗೆಯಲ್ಲಿ ಮೂರು ಹಸುವಿದೆ, ಅವನಲ್ಲಿ ಇರುವುದು ಇದೊಂದೇ ಕಾರು ಎಂದು ಹೇಳಿ ಹೊರಟೆ. ರಾಮನಗರದಲ್ಲಿ ಬಸ್ಸು ಬದಲಿಸಿ ಮಾಗಡಿ, ಮಾಗಡಿಯಲ್ಲಿ ಬದಲಿಸಿ ತಿಪ್ಪಸಂದ್ರ. ಇದೇನಮ್ಮ ಕಬ್ಬಿಣ ಎಂದು ಕಂಡಕ್ಟರ್ ಕೇಳಿದ. ಹಗ್ಗ ಎಂದೆ. ಅವನು ಲಗೇಜು ಟಿಕೆಟ್ ಕೇಳುವುದನ್ನೇ ಬಿಟ್ಟ. ಮಂಡಿ ನೋಯುತ್ತಿತ್ತು. ಕಿಟಕಿಯಾಚೆ ಬಂಡೆಗಳು ಮಂಜಿನಲ್ಲಿ ತೇಲಿಕೊಂಡು ನನ್ನ ಜೊತೆಗೇ ಬರುತ್ತಿದ್ದವು.

ಬೀರೇಶನ ಮನೆ ಊರಾಚೆ. ಹೊಂಗೆ ಮರದ ಕೆಳಗೆ ಹಿಲ್‌ಮನ್ ನಿಂತಿತ್ತು, ಮೈಮೇಲೆ ಕಂಬಳಿ ಹೊದಿಸಿದ್ದರು. ಕಿಟಕಿಯಿಂದ ಇಣುಕಿದೆ. ಸೀಟಿನಲ್ಲಿ ಕೋಳಿ ಇರಲಿಲ್ಲ. ಅವನು ಕುರಿ ಹಟ್ಟಿಯಿಂದ ಕೈ ಒರೆಸಿಕೊಳ್ಳುತ್ತ ಬಂದ. ನಾನು ಟವೆಲ್ ಬಿಚ್ಚಿದೆ. ಅವನು ನೋಡಿದ, ನಕ್ಕ, ಡಿಕ್ಕಿ ತೆಗೆದ. ಎರಡು ಕ್ಲಿಪ್ಪುಗಳ ನಡುವೆ ಹೊಸ ಹ್ಯಾಂಡಲೊಂದು ಕೂತಿತ್ತು. ಕುಲುಮೆಯಲ್ಲಿ ಬಡಿಸಿದ್ದು, ಬಾಗು ಒಂದಿಷ್ಟು ಸೊಟ್ಟ. ಹಿಡಿಕೆಗೆ ಚಳಿಯಲ್ಲಿ ಕೈ ಕೊರೆಯದಿರಲೆಂದು ಕರಿ ಕುರಿಯ ಉಣ್ಣೆಯ ನೂಲನ್ನು ಒತ್ತೊತ್ತಾಗಿ ಸುತ್ತಿದ್ದ.

“ಖಾಲಿ ಕ್ಲಿಪ್ಪು ಅವತ್ತೇ ನೋಡ್ದೆ ಕಣಕ್ಕ. ಹಗ್ಗ ಮಾರ್ದೋರ್ದು, ಹೊಸಾದು ಕೊಂಡೋನು ತರ್ಬೇಕು. ನಮ್ಮಲ್ಲೂ ಅಂಗೇ ಅಲ್ವಾ?”

“ಬಾಯ್ಬಿಟ್ಟು ಕೇಳಬಾರ್ದಾಗಿತ್ತೇನಪ್ಪ.”

“ಕೇಳಿದ್ರೆ ನೀವು ಕೊಟ್ಬುಡ್ತಿದ್ರಿ. ಅದ್ಕೇ ಕೇಳ್ನಿಲ್ಲ.”

ಅವನು ಕಂಬಳಿ ಸರಿಸಿ, ಹೊಸ ಹ್ಯಾಂಡಲ್ ತೂರಿಸಿ, ನನ್ನ ಕಡೆ ನೋಡಿದ. ನಾನು ಮುಂದೆ ಹೋಗಿ ಒಂದು ಸುತ್ತು ತಿರುವಿದೆ. ಉಣ್ಣೆ ಬೆಚ್ಚಗಿತ್ತು. ಎರಡನೆಯ ಸುತ್ತಿಗೆ ಅದು ಕೆಮ್ಮಿ, ಮೈ ಕೊಡವಿ, ಗುನುಗತೊಡಗಿತು. ಹಳೆಯ ಹ್ಯಾಂಡಲನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡೆ, ಬಸ್ ಸ್ಟ್ಯಾಂಡಿನವರೆಗೆ ಅವನೇ ಕಾರಿನಲ್ಲಿ ತಂದು ಬಿಟ್ಟ. ದಾರಿಯಲ್ಲಿ ಕೋಳಿಯೊಂದು ಅಡ್ಡ ಬಂತು, ಅವನು ಕತ್ತು ಹೊರಗೆ ಹಾಕಿ ಕೂಗಿದ. ನಾನು ಅವನ ಮುಖ ನೋಡಿದೆ. ಹಾರನ್ನಿನ ವೈರ್ ಕಿತ್ತುಹೋಗಿ ಎಷ್ಟೋ ವರ್ಷ ಆಗಿದೆಯೆಂದು ಮೊದಲ ವಾರವೇ ಅವನಿಗೆ ಗೊತ್ತಾಯಿತಂತೆ. ಅಂದಮೇಲೆ ಸರಿ ಮಾಡಿಸಬಾರದೇ ಎಂದೆ. ಮಾಡಿಸಿದರೆ ಹೊಡೆಯಬೇಕಾಗುತ್ತದೆ ಎಂದ.

ಈಗ ನಿಮಗೆ ಎರಡು ಮಾತು. ಹಳೇ ಕಾರು ಮಾರುವುದಿದ್ದರೆ ಆರ್‌ಸಿ ಅವರ ಹೆಸರಿಗೆ ಬದಲಾಗುವವರೆಗೂ ಕಾರು ಅಂಗಳ ದಾಟಿಸಬೇಡಿ. ಪ್ರೀತಿ ಬೇರೆ, ಆರ್‌ಟಿಒ ಬೇರೆ. ಹೊಗಳುತ್ತ ಬಂದವರಿಗೆ ಕಾಫಿ ಕೊಡಿ, ನೆಲಕ್ಕೆ ಬಿದ್ದು ಬಯ್ಯುವವನಿಗೆ ಊಟ ಹಾಕಿ. ಬೆಲೆಯನ್ನು ನಿಧಾನವಾಗಿ ಇಳಿಸಿ, ಬೆರಳಿಗೊಂದರಂತೆ. ಚಳಿಗಾಲದ ರೋಗವನ್ನು ಬೇಸಿಗೆಯಲ್ಲೇ ಹೇಳಿಬಿಡಿ, ಬಸ್ಸಿನ ಖರ್ಚು ಉಳಿಯುತ್ತದೆ. ಮತ್ತೆ ಕಾರೇ ಆಗಲಿ ಹಸುವೇ ಆಗಲಿ, ಒಂದು ಹಗ್ಗ ನಿಮ್ಮಲ್ಲೇ ಇರಲಿ. ಅದನ್ನು ಗೂಟಕ್ಕೆ ಹಾಕುವಾಗ ಎತ್ತರ ನೋಡಿಕೊಳ್ಳಿ. ತಲೆಗೆ ತಾಗಬಾರದು ಎಂದರೆ ಮೇಲಕ್ಕೆ ಹಾಕಿ. ನಾನು ತಗ್ಗಿಗೇ ಹಾಕಿದ್ದೇನೆ.